ಕಣ್ಣಿನ ಚೂರು ವಾಪಸ್ ಕೇಳಿದವನು

"ನನ್ನ ಕಣ್ಣಿನ ಚೂರು ವಾಪಸ್ ಕೊಡಿ."

ಲ್ಯಾಬಿನ ಬಾಗಿಲಲ್ಲಿ ನಿಂತವನ ಮಾತು ಕೇಳಿ ಅವಳು ಕೈಗವಸು ಕಳಚುವುದನ್ನೂ ಮರೆತು ನೋಡಿದಳು. ಬಲಗಣ್ಣಿನ ತುಂಬ ಬಿಳಿ ಪೊರೆ. ಎಡಗಣ್ಣಿಗೆ ಬೆಳಿಗ್ಗೆ ಕಟ್ಟಿದ್ದ ಬ್ಯಾಂಡೇಜನ್ನು ತಾನೇ ಕಿತ್ತು ಹಣೆಗೆ ಏರಿಸಿಕೊಂಡಿದ್ದ. ಕಾಲಲ್ಲಿ ಕೆಸರು ಮೆತ್ತಿದ ಕೆಲಸದ ಬೂಟು.

"ಬೂಟು ಹಾಕ್ಕೊಂಡು ಇಲ್ಲಿವರೆಗೂ ಬಂದ್ರಾ? ನೆಲದ ಮೇಲೆ ಅಷ್ಟು ದಪ್ಪ ಕೆಂಪು ಗೆರೆ ಇದೆ, ಕಾಣಿಸಲಿಲ್ವಾ?"

"ಕಣ್ಣು ಕಾಣ್ತಿದ್ರೆ ನಾನು ಯಾಕೆ ಇಲ್ಲಿಗೆ ಬರ್ತಿದ್ದೆ ಮೇಡಂ?"

ಅವಳು ಕೈಗವಸು ಕಿತ್ತು ಮೇಜಿನ ಮೇಲೆ ಎಸೆದಳು. ಸಿಟ್ಟು ಇನ್ನಷ್ಟು ಏರಿತು.

"ಬೆಳಿಗ್ಗೆ ಒಳ್ಳೆ ಕಣ್ಣಿಂದ ಒಂದು ಚೂರು ತೆಗೆದ್ರಲ್ಲ, ಅದನ್ನ ಎಲ್ಲಿತ್ತೋ ಅಲ್ಲೇ ಅಂಟಿಸಿಬಿಡಿ. ಇರೋದೊಂದು ಕಣ್ಣು, ಅದನ್ನೂ ಯಾಕೆ ಕೊಟ್ಟೆ ಅಂತ ಅಕ್ಕ ಒಂದೇ ಸಮನೆ ಬೈತಿದ್ದಾಳೆ."

"ಅಂಟಿಸೋಕೆ ಇದೇನು ಪಂಕ್ಚರ್ ಅಂಗಡಿನಾ?"

ಅವನು ಪ್ಲಂಬರ್. ಎರಡು ವರ್ಷದ ಹಿಂದೆ ಕಟ್ಟಿಕೊಂಡಿದ್ದ ಪೈಪಿಗೆ ಕಸ ಕರಗಿಸುವ ಕಾಸ್ಟಿಕ್ ಪುಡಿ ಸುರಿದು ಬಗ್ಗಿ ನೋಡುತ್ತಿದ್ದಾಗ ಬಿಸಿ ನೀರು ಉಕ್ಕಿ ಬಲಗಣ್ಣಿಗೆ ಬಡಿದಿತ್ತು. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಕಾಂಡಕೋಶಗಳು ಸುಟ್ಟುಹೋದವು. ಕಣ್ಣಿನ ಮೇಲ್ಪದರ ಸವೆದಂತೆಲ್ಲ ಅದನ್ನು ಹೊಸದಾಗಿ ಹುಟ್ಟಿಸುವುದು ಆ ಕೋಶಗಳೇ. ಅವು ಹೋದ ಮೇಲೆ ಪೊರೆ ಹಬ್ಬಿ, ಬೆಳಕು ಬಿಟ್ಟರೆ ಬೇರೇನೂ ಕಾಣದಂತಾಗಿತ್ತು. ಈಗ ಒಳ್ಳೆಯ ಕಣ್ಣಿನ ಅಂಚಿಂದ ಚೂರು ತೆಗೆದು, ಲ್ಯಾಬಿನಲ್ಲಿ ತೆಳುವಾದ ಪೊರೆಯ ಮೇಲೆ ಎರಡು ವಾರ ಬೆಳೆಸಿ, ಸುಟ್ಟ ಕಣ್ಣಿಗೆ ಹೊದಿಸಬೇಕು. ಆ ಬೆಳೆಸುವ ಕೆಲಸ ಅವಳದು.

ಇದನ್ನೆಲ್ಲ ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವನಿಗೆ ಎರಡು ಸಲ ಹೇಳಿದಳು.

"ತೆಗೆದಿರೋದು ಅಕ್ಕಿಕಾಳಿಗಿಂತ ಚಿಕ್ಕದು. ಆ ಜಾಗ ತಾನಾಗೇ ಮಾಯುತ್ತೆ."

"ಬೆಳೆಯದಿದ್ರೆ?"

ರೋಗಿಗೆ ಭರವಸೆ ಕೊಡಬಾರದು ಎಂಬುದು ಲ್ಯಾಬಿನ ಮೊದಲ ಪಾಠ. ಆದರೆ ಅವಳು ಬೆಳಗಿನಿಂದ ಊಟ ಮಾಡಿರಲಿಲ್ಲ. ಈ ಮನುಷ್ಯ ಎದ್ದು ಹೋದರೆ ಸಾಕಾಗಿತ್ತು.

"ಬೆಳೆಯುತ್ತೆ. ನೀವು ಮನೆಗೆ ಹೋಗಿ."

ಅವನು ಹೋದ. ಆದರೆ ಮರುದಿನ ಸಂಜೆ ಐದಕ್ಕೆ ಲ್ಯಾಬಿನ ಫೋನು ಬಡಿದುಕೊಂಡಿತು.

"ಹೇಗಿದೆ ಮೇಡಂ?"

"ಏನು ಹೇಗಿದೆ?"

"ನನ್ನ ಕಣ್ಣು."

"ಇನ್ನೂ ಒಂದೇ ದಿನ ಆಗಿದೆ. ಅದೇನು ಹುರಳಿಕಾಳಾ, ನೆನೆಹಾಕಿದ ಮರುದಿನ ಮೊಳಕೆ ಬರೋಕೆ?"

ಮೂರನೇ ದಿನವೂ ಫೋನು. ನಾಲ್ಕನೇ ದಿನವೂ. "ಹೊಟ್ಟೆಗೆ ಏನು ಹಾಕ್ತೀರಿ ಅದಕ್ಕೆ?" ಎಂದು ಕೇಳಿದ. "ನೀವು ಇಲ್ಲದಾಗ ಯಾರು ನೋಡ್ಕೋತಾರೆ?" ಎಂದು ಕೇಳಿದ. ಒಂದು ದಿನ ಬಾಯಿ ತಪ್ಪಿ, "ನಿದ್ದೆ ಮಾಡುತ್ತಾ?" ಎಂದೂ ಕೇಳಿದ.

"ಅದು ಮಗು ಅಲ್ಲ ರೀ..."

"ಗೊತ್ತು ಮೇಡಂ. ಆದ್ರೂ ನೀವು ಹೇಳೋದನ್ನ ಕೇಳ್ತಿದ್ರೆ ಹಾಗನ್ಸುತ್ತೆ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡು ಅವಳು ಫೋನಿಟ್ಟಳು. ಆದರೆ ಏಳನೇ ದಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗಲೇ ತಾನು ಗಡಿಯಾರ ನೋಡುತ್ತಿರುವುದು ಅವಳ ಗಮನಕ್ಕೆ ಬಂತು. 'ಥೂ, ಇದೇನು ಹುಚ್ಚು' ಎಂದು ತನ್ನನ್ನೇ ಬೈದುಕೊಂಡಳು. ಫೋನು ಬಂತು. ಮೊದಲ ರಿಂಗಿಗೇ ಎತ್ತಿದಳು.

ಹತ್ತನೇ ದಿನ ಬೆಳಿಗ್ಗೆ, ಕೋಶಗಳನ್ನು ಮೈಬಿಸಿಯಲ್ಲಿ ಇಡುವ ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ ಅವನ ಕೋಶಗಳಿದ್ದ ತಟ್ಟೆಯ ನೀರು ಮಬ್ಬಾಗಿತ್ತು. ಬೂಷ್ಟು ಹಿಡಿದಿತ್ತು. ಪಕ್ಕದ ಇನ್ನೆರಡು ತಟ್ಟೆಗಳಿಗೂ.

ಅವಳು ಮೂರು ತಟ್ಟೆಗಳನ್ನೂ ಹೊರತೆಗೆದು ಬೇರೆ ಇಟ್ಟಳು. ನಾನೇ ಹೇಳುತ್ತೇನೆ ಎಂದು ಆಪರೇಷನ್ ಮಾಡುವ ದೊಡ್ಡ ಡಾಕ್ಟರನ್ನು ಕೇಳಿಕೊಂಡು, ಮೊದಲ ಬಾರಿಗೆ ತಾನಾಗಿ ಅವನಿಗೆ ಫೋನ್ ಮಾಡಿದಳು.

"ಕೆಟ್ಟುಹೋಯ್ತು. ನಿಮ್ಮದೂ, ಇನ್ನಿಬ್ಬರದ್ದೂ. ಏನೋ ಕೊಳೆ ಸೇರ್ಕೊಂಡಿದೆ... ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಚೂರು ತೆಗೀಬಹುದು. ನೀವು ಬರ್ಬೇಕು."

"ಸರಿ ಮೇಡಂ," ಎಂದ. ಫೋನ್ ಇಟ್ಟ.

ಅಂದು ಐದಕ್ಕೆ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಮೂರು ತಿಂಗಳು ಕಳೆದು ಆಸ್ಪತ್ರೆಯಿಂದ ಕರೆದರೂ ಅವನು ಎತ್ತಲಿಲ್ಲ.

ಅವಳಿಗೆ ತಲೆ ಚಿಟ್ಟು ಹಿಡಿಯಿತು. 'ಬೈಯಲಿ. ಬಂದು ಕೂಗಾಡಲಿ. ಬೆಳೆಯುತ್ತೆ ಅಂತ ಮಾತು ಕೊಟ್ಟಿದ್ರಲ್ಲ ಅಂತ ಕೇಳಲಿ. ಈ "ಸರಿ"ಯನ್ನು ಇಟ್ಟುಕೊಂಡು ನಾನೇನು ಮಾಡಲಿ?'

ನಾಲ್ಕನೇ ತಿಂಗಳು ಒಬ್ಬ ಹೆಂಗಸು ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಬಂದು ಕೂತಳು. ಅವನ ಅಕ್ಕ.

"ಏನಮ್ಮಾ, ನೀನೇನಾ ಲ್ಯಾಬ್ ಮೇಡಂ? ನನ್ನ ತಮ್ಮನಿಗೆ ಏನು ಹೇಳಿದೆ ನೀನು?"

"ನಾನೇನೂ ಹೇಳಿಲ್ಲ ಅಕ್ಕಾ. ಅವರೇ ಫೋನ್ ಎತ್ತಲ್ಲ."

"ಹೇಗೆ ಎತ್ತಾನು? ಅವತ್ತು ಚರಂಡಿ ತುಳಿದ ಬೂಟಲ್ಲಿ ಇಲ್ಲಿಗೆ ನುಗ್ಗಿದ್ನಂತೆ. ಆ ಕೊಳೆಯೇ ಸೇರ್ಕೊಂಡು ಎಲ್ಲ ಹಾಳಾಯ್ತಂತೆ. ನನ್ನದು ಹೋದ್ರೆ ಹೋಗಲಿ, ಬೇರೆ ಇಬ್ಬರ ಕಣ್ಣೂ ತೆಗೆದೆ, ಆ ಹುಡುಗಿ ಹತ್ತು ದಿನ ಕಾದಿದ್ದನ್ನೂ ಕೆಡಿಸಿದೆ, ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತಾನೆ. ಮೊದಲು ಹೋಗ್ಬೇಡ ಅಂದವಳು ನಾನು. ಈಗ ಹೋಗು ಹೋಗು ಅಂದ್ರೂ ಕೇಳಲ್ಲ."

ಅವಳಿಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಬಂದದ್ದು ಸಿಟ್ಟು.

"ಅವರು ಎಲ್ಲಿ ಕೆಲಸ ಮಾಡ್ತಿದ್ದಾರೆ? ವಿಳಾಸ ಕೊಡಿ ಅಕ್ಕಾ."

ಅದು ಅರ್ಧ ಕಟ್ಟಿದ ಮನೆ. ಮೂರನೇ ಮಹಡಿಯ ಬಚ್ಚಲಲ್ಲಿ, ವಾಶ್‌ಬೇಸಿನ್ನಿನ ಕೆಳಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ಅವಳು ಶುರುಮಾಡಿದಳು.

"ಬಾಗಿಲ ರಬ್ಬರು."

ಕೆಳಗೆ ಠಣ್ ಎಂದು ತಲೆ ಬಡಿದ ಸದ್ದು. ಅವನು ನೆತ್ತಿ ಉಜ್ಜಿಕೊಳ್ಳುತ್ತ ಹೊರಬಂದ.

"ಮೇಡಂ... ನೀವಿಲ್ಲಿ?"

"ಇನ್‌ಕ್ಯುಬೇಟರ್ ಬಾಗಿಲಿನ ರಬ್ಬರು ಬಿರುಕು ಬಿಟ್ಟಿತ್ತು. ಬೂಷ್ಟು ಒಳಗೆ ಹೋಗಿದ್ದು ಅಲ್ಲಿಂದ. ಕಂಪನಿಯವರು ಬಂದು ನೋಡಿ ಬರೆದುಕೊಟ್ಟಿದ್ದಾರೆ. ನಿಮ್ಮ ಬೂಟು ಒಳಗಿನ ಕೋಣೆಗೆ ಬಂದೇ ಇಲ್ಲ."

ಅವನು ಬೆರಳಿಂದ ಗಾಳಿಯಲ್ಲಿ ಒಂದು ಉಂಗುರ ಬರೆದ.

"ಅಂದ್ರೆ ವಾಶರ್ ಹೋಗಿತ್ತು?"

"ಹೂಂ. ವಾಶರ್ ಹೋಗಿತ್ತು."

"ನಾಲ್ಕು ತಿಂಗಳು... ಒಂದು ವಾಶರ್‌ಗೋಸ್ಕರ ನಾನು..."

"ನೀವೊಬ್ಬರೇ ಅಲ್ಲ." ಅವಳ ದನಿ ಏರಿತು. "ಆ ವರದಿ ಬಂದ ಮೇಲೂ ನನಗೆ ಸಮಾಧಾನ ಇಲ್ಲ. ಬೆಳೆಯುತ್ತೆ ಅಂತ ಮಾತು ಕೊಟ್ಟವಳು ನಾನು. ದಿನಾ ಫೋನ್ ಮಾಡಿ ಕಣ್ಣು ಹೇಗಿದೆ ಅಂತ ಕೇಳ್ತಿದ್ರಲ್ಲ, ಕೆಟ್ಟಮೇಲೆ ನಾನು ಹೇಗಿದ್ದೀನಿ ಅಂತ ಒಂದು ದಿನ ಕೇಳಿದ್ರಾ?"

ಅವನು ತಲೆ ತಗ್ಗಿಸಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

"ಹೇಗಿದ್ದೀರಿ?"

ಆಗ ಅವಳಿಗೆ ಅಳು ಬಂತು. ಸಿಮೆಂಟಿನ ಮೂಟೆಯ ಮೇಲೆ ಕೂತು, ಅವನು ನೋಡಬಾರದೆಂದು ಗೋಡೆಯ ಕಡೆ ತಿರುಗಿ ಅತ್ತಳು. ಅವನು ದೂರದಲ್ಲೇ ನಿಂತಿದ್ದ. ಕೊನೆಗೆ, ಕುಡಿಯುವ ನೀರಿನ ಬಾಟಲಿ ತಂದು ಅವಳ ಪಕ್ಕ ಇಟ್ಟ.

ಮುಂದಿನ ವಾರ ಅವನು ಆಸ್ಪತ್ರೆಗೆ ಬಂದ. ಒಪ್ಪಿಗೆಯ ಕಾಗದ ಮುಂದಿಟ್ಟುಕೊಂಡು ಪೆನ್ನು ಹಿಡಿದು ಕೇಳಿದ.

"ಈ ಸಲ ಬೆಳೆಯುತ್ತಾ?"

"ಗೊತ್ತಿಲ್ಲ," ಎಂದಳು ಅವಳು.

"ಇದು ನಂಬೋ ಮಾತು," ಎಂದು ಸಹಿ ಹಾಕಿದ.

ಈ ಸಲ ಬೆಳೆಯಿತು. ಹದಿನಾಲ್ಕನೇ ದಿನ ದೊಡ್ಡ ಡಾಕ್ಟರು ಅದನ್ನು ಸುಟ್ಟ ಕಣ್ಣಿಗೆ ಹೊದಿಸಿದರು. ಒಂದೇ ದಿನದಲ್ಲಿ ಪವಾಡ ನಡೆಯಲಿಲ್ಲ. ಮೊದಲು ಬಣ್ಣಗಳು, ಆಮೇಲೆ ಕಿಟಕಿಯ ಸರಳು, ಆಮೇಲೆ ಬೆರಳುಗಳು. ಮೂರು ತಿಂಗಳಿಗೆ ಗೋಡೆಯ ಚಾರ್ಟಿನ ನಾಲ್ಕನೇ ಸಾಲಿನವರೆಗೆ ಓದಿದ.

ಆದರೆ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧಿ ಹಾಕಿಕೊಳ್ಳುತ್ತಿರಲಿಲ್ಲ. "ನನ್ನ ಮಾತು ಕಿವಿಗೇ ಹಾಕ್ಕೊಳಲ್ಲ. ನೀನೇ ಬಂದು ಹೇಳಮ್ಮಾ," ಎಂದು ಅಕ್ಕ ಫೋನ್ ಮಾಡಿದಳು. ಭಾನುವಾರ ಮಧ್ಯಾಹ್ನ ಅವಳು ಅವರ ಮನೆಗೆ ಬಂದಳು. ಅದರ ಮುಂದಿನ ಭಾನುವಾರವೂ ಬಂದಳು.

ಮೂರನೇ ಭಾನುವಾರ. ಅವನು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದ. ಅವಳು ಕೆಳಗಿನ ರೆಪ್ಪೆ ಎಳೆದು ಬಾಟಲಿ ಹಿಡಿದಿದ್ದಳು.

"ಅಲ್ಲಾಡಬೇಡಿ."

"ಒಂದು ಮಾತು ಕೇಳ್ಲಾ?"

"ಹಾಕಿದ ಮೇಲೆ ಕೇಳಿ."

"ಆಮೇಲೆ ಧೈರ್ಯ ಇರಲ್ಲ. ನನ್ನ ಮದುವೆ ಆಗ್ತೀರಾ?"

ಹನಿ ಅವನ ಕೆನ್ನೆಯ ಮೇಲೆ ಬಿತ್ತು.

"ರೀ... ಔಷಧಿ ಹಾಕೋವಾಗ ಕೇಳೋ ಮಾತಾ ಇದು?"

"ಬೇರೆ ಯಾವಾಗ್ಲೂ ನೀವು ಇಷ್ಟು ಹತ್ತಿರ ಬರಲ್ವಲ್ಲ."

ಅವಳು ತುಟಿ ಕಚ್ಚಿಕೊಂಡು ಇನ್ನೊಂದು ಹನಿ ಹಾಕಿದಳು. ಈ ಸಲ ಸರಿಯಾಗಿ ಬಿತ್ತು.

"ಐದು ನಿಮಿಷ ಕಣ್ಣು ಮುಚ್ಕೊಂಡು ಕೂತಿರಿ. ತೆಗೀಬಾರದು."

ಅವನು ಕಣ್ಣು ಮುಚ್ಚಿದ. ಅವನಿಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಅವಳ ಮುಖ ತನಗೆ ಬೇಕಾದ ಹಾಗೆ ಅರಳಿತು. ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು, ಸದ್ದಾಗದಂತೆ ಸ್ಟೂಲು ಎಳೆದು ಅವನ ಪಕ್ಕ ಕೂತಳು.

"ಮೇಡಂ... ಹೋದ್ರಾ?"

"ಇಲ್ಲೇ ಇದ್ದೀನಿ."

"ಉತ್ತರ?"

"ಅದೇ ಉತ್ತರ," ಎಂದಳು. "ಇಲ್ಲೇ ಇರ್ತೀನಿ. ಕಣ್ಣು ಮಾತ್ರ ತೆಗೀಬೇಡಿ, ಇನ್ನೂ ಮೂರು ನಿಮಿಷ ಇದೆ."