ಬೂದಿ ಹಾಕಿದ ಬಸಳೆ

"ಮೊದಲು ನೀವು ತಿನ್ನಿ ಅತ್ತೆ!"

ಕುಮುದಿನಿ ದೂಡಿದ ರಭಸಕ್ಕೆ ತಟ್ಟೆ ಮಗುಚಿ, ಬಸಳೆ ಪದಾರ್ಥ ನೆಲಕ್ಕೆ ಚೆಲ್ಲಿತು. ಅತ್ತೆ ದುಗ್ಗಮ್ಮ ಚೆಲ್ಲಿದ್ದನ್ನೇ ನೋಡಿದಳು. ಐದು ತಿಂಗಳ ಬಸುರಿ ಸೊಸೆ, ಮಗಳಿಗಿಂತ ಹೆಚ್ಚೆಂದು ಸಾಕಿದವಳು... ಅವಳ ಬಾಯಲ್ಲಿ ಈ ಮಾತೇ! ದುಗ್ಗಮ್ಮ ಪಾತ್ರೆಯಿಂದಲೇ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು.

"ಸಾಕಾ ಮಗಾ?"

ಮಗಳನ್ನು ಕರೆದೊಯ್ಯಲು ಸುಳ್ಯದಿಂದ ಬಂದಿದ್ದ ಕುಮುದಿನಿಯ ತಾಯಿ ಲೋಲಾಕ್ಷಿ ಅದಕ್ಕೂ ಕರಗಲಿಲ್ಲ. "ಕೈವಿಷ ಹಾಕುವವರು ಅದಕ್ಕೆ ಮದ್ದು ತಿಂದೇ ಕೂತಿರ್ತಾರೆ. ನಮಗೆ ಗೊತ್ತಿಲ್ವಾ!"

ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ವಿಷಕ್ಕೆ ನಮ್ಮ ಕಡೆ ಕೈವಿಷ ಎನ್ನುತ್ತಾರೆ. ಹೊಟ್ಟೆನೋವಿಗೆ ಕಾರಣ ಸಿಗದಿದ್ದರೆ ಹೊರಿಸಲು ಅತ್ತೆಯ ಕೈ ಇದ್ದೇ ಇದೆಯಲ್ಲ! ಆದರೆ ಲೋಲಾಕ್ಷಿಯನ್ನು ಪೂರ್ತಿ ದೂರುವ ಹಾಗೂ ಇರಲಿಲ್ಲ. ಕುಮುದಿನಿಗೆ ಎರಡು ಬಸಿರು ಇಳಿದುಹೋಗಿತ್ತು. ತಾಯಿಮನೆಗೆ ಹೋದರೆ ಮುಖಕ್ಕೆ ಕಳೆ ಬರುತ್ತಿತ್ತು. ಪುತ್ತೂರಿನ ಗಂಡನ ಮನೆಗೆ ಮರಳಿದರೆ ಮತ್ತೆ ಕರುಳು ಹಿಂಡುವ ನೋವು. ಕಿಲುಬೇ ಕಾರಣವೇನೋ ಎಂದು ದುಗ್ಗಮ್ಮ ಪಾತ್ರೆಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿದಳು. ನಿದ್ದೆಗಣ್ಣಲ್ಲಿ ತಾನೇ ಏನಾದರೂ ಹಾಕುತ್ತಿದ್ದೇನೆಯೇ ಎಂದು ಹೆದರಿ ತನ್ನ ಅಂಗೈಯನ್ನೇ ಮೂಸಿ ನೋಡಿದಳು. ಪಾಪ, ಊರು ನೂರು ಸಲ ಹೇಳಿದ್ದು ಅವಳಿಗೂ ನಿಜವೆನಿಸತೊಡಗಿತ್ತು.

ತಟ್ಟೆ ಮಗುಚಿದ ಆ ದಿನವೇ ತಾಯಿಯ ಜೊತೆ ಕೈವಿಷ ಕಕ್ಕಿಸುವವರ ಬಳಿಗೆ ಹೊರಟ ಕುಮುದಿನಿ ಅಂಗಳ ದಾಟುವ ಮೊದಲೇ ಕುಸಿದುಬಿದ್ದಳು. ಗಂಡ ಪದ್ಮಯ್ಯ ಬಾಡಿಗೆ ಕಾರು ತಂದು ಎಲ್ಲರನ್ನೂ ಪೇಟೆಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಡಾಕ್ಟರು ಅವಳ ತುಟಿ ಬಿಡಿಸಿ ಒಸಡು ನೋಡಿದರು. ಆಮೇಲೆ ಪದ್ಮಯ್ಯನದು, ದುಗ್ಗಮ್ಮನದು. ಮೂವರ ಒಸಡಿನಲ್ಲೂ ನೀಲಿಗಪ್ಪು ಗೆರೆ!

"ನಿನ್ನ ಕೆಲಸ ಎಂತ ಮಾರಾಯ?"

"ಬಸ್ಸಿನ ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುದು. ಮೀನಿನ ಬಲೆಗೆ ಗುಂಡು ಮಾಡ್ಲಿಕ್ಕೆ. ಹಿತ್ತಲಲ್ಲೇ ಕುಲುಮೆ ಉಂಟು."

"ತರಕಾರಿ?"

"ಅದೂ ನಮ್ಮ ಹಿತ್ತಲದ್ದೇ," ಎಂದಳು ದುಗ್ಗಮ್ಮ. "ಬಸಳೆ, ಹರಿವೆ. ಬುಡಕ್ಕೆ ಬೂದಿ ಹಾಕ್ತೇನೆ, ಎಲ್ಲರ ಹಾಗೆ."

"ಯಾವ ಬೂದಿ?"

"ಒಲೆಯದ್ದು ಸಾಲುದಿಲ್ಲ. ಕುಲುಮೆಯದ್ದೂ..."

ಡಾಕ್ಟರು ಕನ್ನಡಕ ತೆಗೆದರು. "ಅದರಲ್ಲಿ ಸೀಸ ಉಂಟಮ್ಮ, ಅದು ವಿಷ. ಈ ಒಸಡಿನ ಗೆರೆ, ಹೊಟ್ಟೆನೋವು ಎಲ್ಲ ಅದರದ್ದೇ. ಮಣ್ಣಿಗೆ ಇಳಿದದ್ದು ಸೊಪ್ಪಿಗೂ ಸೇರ್ತದೆ, ಎಲೆ ಮೇಲೆ ಕೂತದ್ದು ತೊಳೆದರೂ ಪೂರ್ತಿ ಹೋಗುದಿಲ್ಲ. ಕುಲುಮೆಯ ಹೊಗೆ ಬೇರೆ. ಬಸುರಿಗೆ ಇದು ಭಾರೀ ಕೆಟ್ಟದ್ದು."

ದುಗ್ಗಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಷ್ಟು ಹಸುರಾದ, ಅಷ್ಟು ಮೆತ್ತಗಿನ ಎಲೆ... ಅದರೊಳಗೆ ವಿಷವೇ? ಹಾಗಾದರೆ ತಾನು ವಿಷ ಹಾಕಿದವಳೋ, ಹಾಕದವಳೋ?

ಕುಮುದಿನಿ ಬಿಕ್ಕಿದಳು. "ನಿಮ್ಮನ್ನು ಎಂತೆಲ್ಲ ಹೇಳಿದೆ ಅತ್ತೆ! ನಿಮ್ಮ ತಪ್ಪು ಎಂತದೂ ಇಲ್ಲ..."

"ಡಾಕ್ಟ್ರೇ, ಹಾಗಾದ್ರೆ ಆ ಹೋದ ಎರಡು?" ಎಂದಳು ಲೋಲಾಕ್ಷಿ.

"ಅದರಿಂದಲೇ ಇರಬಹುದು. ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ."

"ಈಗಿನದು?"

"ಸೀಸ ಇಲ್ಲದ ಕಡೆ ಇರಲಿ. ನೋಡುವ."

ಪದ್ಮಯ್ಯ ಗೋಡೆಗೆ ಮುಖ ತಿರುಗಿಸಿ, ಇನ್ನು ಕುಲುಮೆ ಹಚ್ಚುವುದಿಲ್ಲ ಎಂದ. ಯಾರೂ ಅವನತ್ತ ನೋಡಲಿಲ್ಲ. ಲೋಲಾಕ್ಷಿ ತಲೆತಗ್ಗಿಸಿಕೊಂಡೇ ಬೀಗಿತ್ತಿಯ ಪಕ್ಕಕ್ಕೆ ಬಂದು ಕುಳಿತಳು.

"ನೀವೂ ಸುಳ್ಯಕ್ಕೆ ಬನ್ನಿ ಅಕ್ಕ. ಹೆರಿಗೆ ಆಗುವವರೆಗೆ ಅಲ್ಲೇ ಇರಿ. ಇವಳಿಗೆ ನಿಮ್ಮ ಕೈಯ ಅಡುಗೆಯೇ ರುಚಿ."

ದುಗ್ಗಮ್ಮ ಸೊಸೆಯ ತಲೆ ಸವರಲು ಕೈ ಎತ್ತಿದಳು. ಮುಟ್ಟಲು ಧೈರ್ಯ ಬರಲಿಲ್ಲ.

"ಬರ್ತೇನೆ," ಎಂದಳು. "ಆದರೆ ಅಡುಗೆಗೆ ನನ್ನನ್ನು ಹೇಳ್ಬೇಡಿ. ಬಸುರಿ ಅಂತ ಆ ಬಸಳೆಯನ್ನು ಇವಳಿಗೇ ಹೆಚ್ಚು ಬಡಿಸ್ತಿದ್ದೆ... ಮೂರು ಸಲವೂ."