ನೀರಿನ ಮೇಲ್ವಿಚಾರಕನ ಮುದ್ರೆ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಉತ್ಖನನದ ಮುಖ್ಯಸ್ಥೆ ಡಾ. ತಿರ್ತ್ಸಾ ಲಪಿಡೋತ್ ಜೆರುಸಲೇಮಿನ ಹಳೆ ನಗರದ ಠಾಣೆಗೆ ಬಂದು ದೂರು ಕೊಟ್ಟರು. ಗುರುವಾರ ಮಣ್ಣು ಜರಡಿ ಹಿಡಿಯುವಾಗ ಸಿಕ್ಕ ಪ್ರಾಚೀನ ಹೀಬ್ರೂ ಮುದ್ರೆ, ದೊಡ್ಡ ಕಡಲೆಕಾಳಿನಷ್ಟು ಕಲ್ಲು, ಕಪಾಟಿನ ಡಬ್ಬಿಯಿಂದ ಮಾಯವಾಗಿತ್ತು. ಅದರ ಜಾಗದಲ್ಲಿ ಬೆಣಚುಕಲ್ಲಿನ ಚೂರು. ಬೀಗ ಒಡೆದಿರಲಿಲ್ಲ.

ಇನ್ಸ್‌ಪೆಕ್ಟರ್ ಯಿಫಾತ್ ಒಹಾನಾ ಎಫ್‌ಐಆರ್ ಬರೆಸಿ, ಮುದ್ರೆಯಲ್ಲಿ ಏನಿತ್ತೆಂದು ಕೇಳಿದರು. ಅಕ್ಷರಗಳನ್ನು ತಿರುಗುಮುರುಗಾಗಿ ಕೆತ್ತಿದ್ದರಿಂದ ತಿರ್ತ್ಸಾ ಅದನ್ನು ಜೇಡಿಮಣ್ಣಿಗೆ ಒತ್ತಿ ಓದಿದ್ದರು: ‘ಶೆಮಯಾಹುವಿನದು, ನೀರಿನ ಮೇಲ್ವಿಚಾರಕ.’

ಹದಿನೆಂಟು ವರ್ಷಗಳ ಹಿಂದೆ ತೋವಿಯಾ ಸಾಸೋನ್ ಎಂಬ ಸಂಶೋಧಕ ಇದೇ ಮಾತುಗಳಿದ್ದ ಇನ್ನೊಂದು ಮುದ್ರೆಯನ್ನು ಪ್ರಕಟಿಸಿದ್ದ. ಅದು ಅಂಗಡಿಯಲ್ಲಿ ಸಿಕ್ಕ ಕಲ್ಲು. ಪ್ರಾಚೀನ ಲಿಪಿಯ ವಿಷಯದಲ್ಲಿ ಕೊನೆಯ ಮಾತು ಎನಿಸಿದ್ದ ಪ್ರೊಫೆಸರ್ ಎಲ್ಯಾಕಿಮ್ ಗ್ಲಿಕ್, ಅಂಥ ಹುದ್ದೆಯೇ ಆ ಕಾಲದಲ್ಲಿರಲಿಲ್ಲ, ಇದು ತೋವಿಯಾನೇ ಕೆತ್ತಿಸಿದ ನಕಲಿ ಎಂದು ನ್ಯಾಯಾಲಯದಲ್ಲಿ ಹೇಳಿದರು. ತೋವಿಯಾ ಜೈಲಿಗೆ ಹೋದ. ಈಗ ನೆಲದೊಳಗಿಂದಲೇ ಎದ್ದು ಬಂದ ಕಲ್ಲು ಅವನು ನಿರ್ದೋಷಿ ಎನ್ನುತ್ತಿತ್ತು. ಫೋಟೋ ಇತ್ತು, ಅಚ್ಚೂ ಇತ್ತು. ಕಲ್ಲೇ ಇಲ್ಲದಿದ್ದರೆ ಅವನ್ನು ನಂಬುವವರು ಯಾರೂ ಇರಲಿಲ್ಲ.

ತೋವಿಯಾ ಈಗ ಮಹನೆ ಯೆಹುದಾ ಮಾರುಕಟ್ಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ. ಜೈಲು ಕಂಡವನು, ಮೇಲಾಗಿ ಬೀಗದವನು, ಇನ್ನೇನು ಬೇಕು ಮೇಡಂ ಎಂದು ಕಾನ್‌ಸ್ಟೆಬಲ್ ನಿಸಿಮ್ ಆಗಲೇ ಕೈಕೋಳ ತಡವುತ್ತಿದ್ದ. ತೋವಿಯಾ ಅರದಿಂದ ಕಣ್ಣೆತ್ತಲಿಲ್ಲ.

“ಆ ಕಲ್ಲಿಗೋಸ್ಕರ ಹದಿನೆಂಟು ವರ್ಷ ಕಾದಿದೀನಿ. ಅದನ್ನ ನಾನೇ ಕದ್ದು ಇನ್ನೊಂದ್ಸಲ ಕಳ್ಳ ಅನ್ನಿಸ್ಕೊಳ್ಲಾ?”

ಮಾತು ಸರಿಯೆನಿಸಿತು. ಯಿಫಾತ್ ಮತ್ತೆ ತಿರ್ತ್ಸಾರನ್ನು ಕೂರಿಸಿಕೊಂಡರು.

“ಡಬ್ಬಿ ಮುಚ್ಚಿದ್ದು ಯಾರು?”

ತಿರ್ತ್ಸಾ ತಲೆ ತಗ್ಗಿಸಿದರು. “ಗ್ಲಿಕ್ ಮೇಷ್ಟ್ರು. ಶುಕ್ರವಾರ ನೋಡೋಕೆ ಬಂದಿದ್ರು. ನಂಗೆ ಅಕ್ಷರ ಕಲಿಸಿದವರು. ಅವರಿಗೆ ಮೊದಲು ತೋರಿಸ್ದೆ ಹ್ಯಾಗೆ ಪ್ರಕಟಿಸ್ಲಿ?”

“ಆಮೇಲೆ ತೆಗೆದು ನೋಡ್ಲಿಲ್ವಾ?”

“ಮೇಷ್ಟ್ರು ಮುಚ್ಚಿಕೊಟ್ಟ ಡಬ್ಬಿನ ಅವರೆದುರಿಗೇ ಬಿಚ್ಚಲಾ?”

ರೆಹಾವಿಯಾ ಬಡಾವಣೆಯ ಗ್ಲಿಕ್ ಮನೆಯಲ್ಲಿ ಶೋಧ ನಡೆಯಿತು. ಮುದುಕರು ಚಹಾ ಕೊಟ್ಟು, ಎಲ್ಲವನ್ನೂ ನೋಡಿಕೊಳ್ಳಿ ಎಂದರು. ಏನೂ ಸಿಗಲಿಲ್ಲ. ನಿಸಿಮ್ ಎಳೆದ ಪುಸ್ತಕದಿಂದ ಪ್ರಾರ್ಥನೆಯ ಹರಿದ ಹಾಳೆಯೊಂದು ನೆಲಕ್ಕೆ ಬಿತ್ತು. ಗ್ಲಿಕ್ ಸೊಂಟ ಹಿಡಿದುಕೊಂಡೇ ಬಗ್ಗಿ ಅದನ್ನೆತ್ತಿ, ಮುತ್ತಿಟ್ಟು, ಬಾಗಿಲ ಹಿಂದಿನ ಚೀಲಕ್ಕೆ ಹಾಕಿದರು. ಚೀಲದಲ್ಲಿ ಅದೊಂದೇ ಹಾಳೆ. ಉಳಿದದ್ದೆಲ್ಲ ಎಲ್ಲಿ ಎಂದು ಯಿಫಾತ್ ಕೇಳಿದಾಗ, ಇವತ್ತು ಸಿನಗಾಗಿಗೆ ಬೆಳಗಿನ ಪ್ರಾರ್ಥನೆಗೆ ಹೋದಾಗ ಅಲ್ಲಿಯ ಹಳೆ ಹಾಳೆಗಳ ಪೆಟ್ಟಿಗೆಗೆ ಹಾಕಿದೆನೆಂದರು. ಹೇಳುವಾಗ ದನಿ ಸಣ್ಣಗಾಯಿತು.

ಯಿಫಾತ್‌ಗೆ ಅಷ್ಟೇ ಸಾಕಾಯಿತು. ಆಕೆಯ ಅಜ್ಜನೂ ದೇವರ ಹೆಸರಿದ್ದ ಹಾಳೆಯನ್ನು ಎಸೆದವನಲ್ಲ, ಹೂಳಲೆಂದು ಕೂಡಿಡುತ್ತಿದ್ದವನು. ಶೆಮಯಾಹುವಿನ ‘ಯಾಹು’ ದೇವರದೇ ಹೆಸರು. ಮನುಷ್ಯನ ಹೆಸರಿನೊಳಗೆ ಸೇರಿದ್ದಕ್ಕೆ ಆ ಕಟ್ಟಳೆಯಿಲ್ಲ ಎನ್ನುವವರಿದ್ದಾರೆ. ಆದರೂ ಈ ಮುದುಕರು ಶಿಷ್ಯೆಯ ಕಣ್ಣಿಗೆ ಮಣ್ಣೆರಚಬಲ್ಲರು, ಆ ಹೆಸರಿನ ಮೇಲೆ ಸುತ್ತಿಗೆ ಎತ್ತಲಾರರು. ಹಾಳೆಗಳ ಜೊತೆ ಕಲ್ಲನ್ನೂ ಹೂಳಲು ಹಾಕಿರಬೇಕು.

ಸಿನಗಾಗಿನಲ್ಲಿ ಪೆಟ್ಟಿಗೆ ಖಾಲಿಯಿತ್ತು. ವರ್ಷಕ್ಕೊಮ್ಮೆ ಹೂಳುವ ದಿನ ಇವತ್ತೇ, ಲಾರಿ ಗಿವತ್ ಶಾಉಲ್ ಸ್ಮಶಾನಕ್ಕೆ ಹೋಗಿ ಗಂಟೆಯಾಯಿತು ಎಂದ ಅಲ್ಲಿಯ ಪರಿಚಾರಕ.

ತಿರ್ತ್ಸಾರನ್ನೂ ಕೂರಿಸಿಕೊಂಡು ಸೈರನ್ ಹಾಕಿ ಹೋದರೂ ಪೇಟೆಯ ದಟ್ಟಣೆ ದಾರಿ ಬಿಡಲಿಲ್ಲ. ನಿಸಿಮ್ ಸಿಕ್ಕಸಿಕ್ಕವರನ್ನೆಲ್ಲ ಶಪಿಸಿದ. ಮಣ್ಣು ಬಿದ್ದುಬಿಟ್ಟರೆ ಆ ಗುಂಡಿಯನ್ನು ಮತ್ತೆ ಅಗೆಯಲು ಧರ್ಮಗುರುಗಳಾದ ರಬ್ಬಿಗಳು ಬಿಡುವುದಿಲ್ಲ, ತೋವಿಯಾ ಸಾಯುವವರೆಗೂ ಕಳ್ಳನೇ ಎಂಬುದು ಯಿಫಾತ್‌ಗೆ ಗೊತ್ತಿತ್ತು. ತಲುಪಿದಾಗ ಅರ್ಧ ಗುಂಡಿ ತುಂಬಿತ್ತು. ಆಕೆ ಓಡಿಹೋಗಿ ಸಲಿಕೆ ಹಿಡಿದವನ ಕೈಯನ್ನೇ ಹಿಡಿದರು.

ಆ ಸಿನಗಾಗಿನ ಮೂಟೆ ಇನ್ನೂ ಲಾರಿಯಲ್ಲಿತ್ತು. ಬಟ್ಟೆ ಹಾಸಿ, ಒಂದು ಹಾಳೆಯೂ ನೆಲಕ್ಕೆ ತಾಕದಂತೆ ತೆಗೆದರು. ಹಳೆಯ ಕರವಸ್ತ್ರವೊಂದರ ಗಂಟು ಬಿಚ್ಚಿದಾಗ ಕಲ್ಲು ಹೊರಬಂತು. ತಿರ್ತ್ಸಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತುಬಿಟ್ಟರು. ಸಲಿಕೆಯವರಿಬ್ಬರೂ ಪಂಚನಾಮೆಗೆ ರುಜು ಹಾಕಿದರು.

ಅದೇ ಮಧ್ಯಾಹ್ನ ಗ್ಲಿಕ್ ಬಂಧನವಾಯಿತು. ತಮಗೆ ವಕೀಲರೇ ಬೇಡವೆಂದು ಅವರು ಹೇಳಿದರು. ಹೆಸರಿನ ಆಸೆ, ಸೋಲಿನ ಭಯ, ಇಂಥದ್ದನ್ನೆಲ್ಲ ಯಿಫಾತ್ ಕೇಳಿ ನೋಡಿದರು. ಅದಲ್ಲವೆಂದು ಮುದುಕರು ತಲೆಯಾಡಿಸಿದರು. ಪ್ರತಿ ವರ್ಷ ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರಿನ ಹಿಂದಿನ ದಿನ, ನೋಯಿಸಿದವರೆಲ್ಲರ ಮನೆಗೂ ಹೋಗಿ ಕ್ಷಮೆ ಕೇಳುವುದು ಅವರ ವಾಡಿಕೆ. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸದೆ ದೇವರೂ ಕ್ಷಮಿಸುವುದಿಲ್ಲ.

“ತೋವಿಯಾ ಕಳ್ಳನಾಗಿದ್ದಷ್ಟು ದಿನ ಅವನ ಬಾಗಿಲು ತಟ್ಟೋ ಅಗತ್ಯ ಇರ್ಲಿಲ್ಲ ನಂಗೆ. ಆ ಕಲ್ಲು ನೋಡಿದ ಮೇಲೆ ಹೋಗ್ಲೇಬೇಕಾಗಿತ್ತಲ್ಲಮ್ಮ,” ಎಂದರು. “ಹೋಗೋಕೆ ಧೈರ್ಯ ಬರ್ಲಿಲ್ಲ.”

ಹೇಳಿಕೆ ಕೊಡಲು ಬಂದ ತೋವಿಯಾ ಬಾಗಿಲಲ್ಲೇ ನಿಂತಿದ್ದ. ಗ್ಲಿಕ್ ಮೇಜು ಹಿಡಿದು ಎದ್ದರು. “ಕ್ಷಮಿಸು, ತೋವಿಯಾ,” ಎಂದರು.

“ಮೂರು ಸಲ ಕೇಳ್ಬೇಕು ಅಂತ ಶಾಸ್ತ್ರ, ಪ್ರೊಫೆಸರ್,” ಎಂದ ತೋವಿಯಾ. “ಇದು ಒಂದು.”

ಅವನು ಕುರ್ಚಿ ಎಳೆದು ಅವರ ಎದುರಿಗೇ ಕುಳಿತ.