ನೀರಿನಿಂದ ಎತ್ತಿದ ಕೈ

"ಕೈ ಬಿಡಿ!"

"ಬಿಟ್ಟರೆ ಹೊಳೆಪಾಲಾಗ್ತೀರಿ."

"ಆದರೆ ಆಗಲಿ! ಪರಪುರುಷರು ಕೈ ಹಿಡಿಯೋದಕ್ಕಿಂತ ಹೊಳೆಯೇ ವಾಸಿ."

"ಹೊಳೆಯೂ ಗಂಡಸೇ ಅಂತಾರೆ ನಮ್ಮ ಕಡೆ," ಎಂದು ಅವನು ನಕ್ಕ.

ಯಾಗ್ಸ್ಟ್ ಹೊಳೆಯ ನಟ್ಟನಡುವೆ ಕುದುರೆಯ ಹಿಂಗಾಲು ಪಾಚಿಗಲ್ಲಿನ ಮೇಲೆ ಜಾರಿತ್ತು. ಜೀನು ಒಂದು ಮಗ್ಗುಲಿಗೆ ವಾಲಿ, ಯುಟ್ಟಾಳ ಪ್ರಾಣ ಬಾಯಿಗೆ ಬಂದಿದ್ದ ಆ ಗಳಿಗೆಯಲ್ಲಿ, ಎಲ್ಲಿದ್ದನೋ ಆ ತರುಣ, ಎದೆಮಟ್ಟದ ನೀರಿಗೆ ಧುಮುಕಿ ಒಂದು ಕೈಯಲ್ಲಿ ಲಗಾಮನ್ನೂ ಇನ್ನೊಂದರಲ್ಲಿ ಅವಳ ಮುಂಗೈಯನ್ನೂ ಹಿಡಿದುಬಿಟ್ಟಿದ್ದ. ಅವಳನ್ನು ಕರೆತರಲು ಮಠಕ್ಕೆ ಹೋಗಿದ್ದ ಇಬ್ಬರು ಮುದಿ ಸೇವಕರು ದಡದ ಮೇಲೆ ನಿಂತು ಸಂತರ ಹೆಸರುಗಳನ್ನು ಕೂಗುವುದರಲ್ಲೇ ಮಗ್ನರಾಗಿದ್ದರು.

ದಡ ಸೇರಿದರೂ ಅವನು ಕೈ ಬಿಡಲಿಲ್ಲ. ವಿಚಿತ್ರವೆಂದರೆ, ಬಿಡಿಸಿಕೊಳ್ಳಬೇಕೆಂದು ಅವಳಿಗೂ ಅನಿಸಲಿಲ್ಲ.

ಇದೇನಿದು... ಚಳಿಗೆ ನಡುಗುತ್ತಿದ್ದೇನೆಯೋ, ಅಥವಾ...?

"ಯಾರ ಮನೆಯವರು ನೀವು?" ಎಂದು ಅವನು ಮೆಲ್ಲನೆ ಕೇಳಿದ.

"ಯುಟ್ಟಾ. ಫಾಲ್ಕನೆಕ್ ಕೋಟೆಯ ಗೆರ್ಲಾಖ್ ಅವರ ಮಗಳು."

ಕಾದ ಕಬ್ಬಿಣ ಮುಟ್ಟಿದವನಂತೆ ಅವನು ಕೈ ಬಿಟ್ಟ! ಒಂದು ಹೆಜ್ಜೆ ಹಿಂದೆ ಸರಿದ. ಮುಖದ ನಗು ಎಲ್ಲಿ ಹೋಯಿತೋ...

"ನಾನು ಲೈನ್‌ಬಾಖ್‌ನ ಡೀಟ್ಮರ್. ಕುನಿಗುಂಡಮ್ಮನ ಮಗ," ಎಂದು ನೆಲ ನೋಡುತ್ತ ಹೇಳಿದ. "ಮನೆಗೆ ನಡೀ. ನೀನು... ನೀನು ನನ್ನ ತಂಗಿ."

*

ತಂಗಿ!

ಏಳನೆಯ ವಯಸ್ಸಿನಿಂದ ಕನ್ಯಾಮಠದಲ್ಲಿ ಬೆಳೆದ ಯುಟ್ಟಾಳಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಹೊಳೆಯಲ್ಲಿ ಸಿಕ್ಕ ಈ ಅಣ್ಣ ಎಲ್ಲಿಂದ ಉದುರಿದ?

ಹಾಸಿಗೆ ಹಿಡಿದಿದ್ದ ತಂದೆ ಗೆರ್ಲಾಖ್ ದಿಂಬಿಗೊರಗಿ ಬಿಡಿಸಿ ಹೇಳಿದ.

"ನಿನ್ನ ಜ್ಞಾನತಾಯಿ ಅವನಮ್ಮ, ಮಗಳೇ. ಮೇಣದ ಬತ್ತಿ ಹಬ್ಬದ ದಿನ ನಿನಗೆ ಜ್ಞಾನಸ್ನಾನ ಆಯ್ತು. ತೊಟ್ಟಿ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು, ಒಡೆದು ನಿನ್ನನ್ನ ಮುಳುಗಿಸಿದ್ರು. ಕುನಿಗುಂಡ ನಿನ್ನನ್ನ ಎತ್ತಿಕೊಂಡಳು. ಅಲ್ಲಿಗೆ ಅವಳು ನಿನಗೆ ತಾಯಿ, ಅವಳ ಮಗ ನಿನಗೆ ಅಣ್ಣ. ಧರ್ಮಸಭೆಯ ಕಣ್ಣಲ್ಲಿ ಒಂದೇ ಹೊಟ್ಟೇಲಿ ಹುಟ್ಟಿದ ಹಾಗೆ!"

"ಶತ್ರುಗಳ ಮನೆಯವರನ್ನ ಯಾಕಪ್ಪಾ ಕರೆದಿರಿ?"

"ಶತ್ರುಗಳಾಗಿದ್ದಕ್ಕೇ ಕರೆದಿದ್ದು! ಗಿರಣಿ ಕಾಲುವೆ ಜಗಳದಲ್ಲಿ ಅವಳ ಗಂಡನೂ ಸತ್ತ, ನನ್ನ ತಮ್ಮನೂ ಸತ್ತ. ನೀನು ಹುಟ್ಟಿದ ಮೇಲೆ ಸಾಕು ಅನಿಸ್ತು. ಆ ತೊಟ್ಟಿ ಮುಂದೆ ಕತ್ತಿ ಒರೆಗೆ ಹಾಕಿದೋನು ಇವತ್ತಿನವರೆಗೂ ತೆಗೆದಿಲ್ಲ."

ಆಮೇಲೆ ತಂದೆ ಕೆಮ್ಮಿದ. ನಿಜವಾದ ವಿಷಯ ಆ ಕೆಮ್ಮಿನ ಬೆನ್ನಿಗೆ ಬಂತು. ಕೋಟೆಗೆ ವಾರಸುದಾರಳು ಯುಟ್ಟಾ ಒಬ್ಬಳೇ. ಕೋಟೆ ಕಾಯಲು ಗಂಡೊಂದು ಬೇಕು. ನವೆಂಬರಿನ ಮಾರ್ಟಿನ್ ಹಬ್ಬದೊಳಗೆ ಅವಳು ವಿಧುರ ಎಕ್‌ಬೆರ್ಟ್‌ನಿಗೆ ಮಾತು ಕೊಡಬೇಕು. ಇಲ್ಲವಾದರೆ ಕೋಟೆಯನ್ನು ದಾಯಾದಿಗಳಿಗೆ ಒಪ್ಪಿಸಿ, ತಲೆಗೂದಲು ಕತ್ತರಿಸಿ ಮತ್ತೆ ಮಠ ಸೇರಬೇಕು.

ಎಕ್‌ಬೆರ್ಟ್ ಕೆಟ್ಟವನಲ್ಲ. ಅವನ ಮಾತೆಲ್ಲ ಎರಡೇ ವಿಷಯದ ಮೇಲೆ: ಬೇಟೆನಾಯಿಗಳು ಮತ್ತು ಹಲ್ಲುನೋವು.

"ಮಾರ್ಟಿನ್ ಹಬ್ಬಕ್ಕೆ ಕೊಬ್ಬಿಸ್ತಾ ಇರೋದು ಬಾತುಕೋಳೀನೋ, ನನ್ನನ್ನೋ?" ಎಂದು ಯುಟ್ಟಾ ಗೊಣಗಿದರೆ, ಕೋಟೆಯ ಪಾರುಪತ್ತೆಗಾರನ ಹೆಂಡತಿ ಲಿಯೋಬಾ ತುಂಬಿದ ಬಸುರನ್ನು ಹಿಡಿದುಕೊಂಡು ನಗುತ್ತಿದ್ದಳು.

*

ಅಣ್ಣನೆಂದ ಮೇಲೆ ಅಡ್ಡಿಯೇನು? ಡೀಟ್ಮರ್ ವಾರವಾರವೂ ಬಂದ. ಬೇರೆ ತರುಣನಾಗಿದ್ದರೆ ಕೋಟೆಯ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು; ಇವನಿಗೆ ಅಡುಗೆಮನೆಯವರೆಗೂ ದಾರಿ. ಅವಳಿಗೆ ಗಿಡುಗವನ್ನು ಕೈಮೇಲೆ ಕೂರಿಸಿಕೊಳ್ಳಲು ಕಲಿಸಿದ. ಅವಳು ಅವನ ಅಂಗಿಯ ಹರಿದ ತೋಳು ಹೊಲಿದುಕೊಟ್ಟಳು.

ಒಂದೊಂದು ಮಾತಿಗೂ "ತಂಗೀ" ಎಂದು ಕರೆಯುತ್ತಿದ್ದ. ಕರೆದಾಗಲೆಲ್ಲ ಅವಳ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಅಣ್ಣನ ಮೇಲಿನ ಪ್ರೀತಿ ಹೀಗೇ ಇರುತ್ತದೆಯೇ? ಯಾರನ್ನು ಕೇಳುವುದು?

ಕೊನೆಗೆ ಲಿಯೋಬಾಳನ್ನೇ ಕೇಳಿದಳು.

"ಲಿಯೋಬಾ, ನಿನಗೆ ನಾಲ್ಕು ಜನ ಅಣ್ಣಂದಿರು ಅಲ್ವಾ? ಅವರು ಬರ್ತಾರೆ ಅಂದ್ರೆ ನಿನಗೆ ಏನನಿಸತ್ತೆ?"

"ಹಂದಿಮಾಂಸ ಬಚ್ಚಿಡ್ಬೇಕು ಅನಿಸತ್ತೆ."

"ಅದಲ್ವೇ! ಎದೆ ಡವಡವ ಅನ್ನಲ್ವಾ? ಕುದುರೆ ಸದ್ದು ಕೇಳಿದ್ರೆ ಮೆಟ್ಟಿಲು ಮರೆತು ಓಡ್ಬೇಕು ಅನಿಸಲ್ವಾ? ಹೋದ ಮೇಲೆ ಊಟ ಸೇರ್ದೇ ಇರೋದು...?"

ಲಿಯೋಬಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ನಗು ಮಾಯವಾಗಿತ್ತು.

"ಅಯ್ಯೋ ನನ್ನವ್ವ... ಅಣ್ಣ ಹೋದ್ರೆ ಊಟ ಚೆನ್ನಾಗಿ ಸೇರತ್ತೆ ಕಣಮ್ಮಾ. ಇದನ್ನ ಇನ್ಯಾರ ಹತ್ರಾನೂ ಆಡ್ಬೇಡ."

ಯುಟ್ಟಾ ಬಿಳಿಚಿಕೊಂಡಳು. ಹಾಗಾದರೆ ಇದು... ಪಾಪವೇ? ಆದರೆ ಪಾಪವೊಂದು ಇಷ್ಟು ಹಿತವಾಗಿರಲು ಹೇಗೆ ಸಾಧ್ಯ?

ಮುಂದಿನ ಭಾನುವಾರ ಕುನಿಗುಂಡಮ್ಮ ಊಟಕ್ಕೆ ಬಂದಾಗ ಯುಟ್ಟಾಳಿಗೆ ಅವರ ಕಣ್ಣಲ್ಲಿ ಕಣ್ಣಿಡಲಾಗಲಿಲ್ಲ. ನೆಟ್ಟ ನಿಲುವು, ಕಡಿಮೆ ಮಾತು. ರೊಟ್ಟಿಯನ್ನು ಎಡಗೈಯಲ್ಲಿ ಕೊಯ್ಯಲು ಹೆಣಗುತ್ತಿದ್ದ ಅವರನ್ನು ಕಂಡು ಯುಟ್ಟಾ ಚಾಕು ತೆಗೆದುಕೊಂಡಳು.

"ಕೊಡಿ ದೊಡ್ಡಮ್ಮ, ನಾನು ಕೊಯ್ದು ಕೊಡ್ತೀನಿ. ಬಲಗೈಗೆ ಏನಾಯ್ತು?"

"ಹಳೇ ಪೆಟ್ಟು. ಮಂಜಿನ ಮೇಲೆ ಬಿದ್ದೆ."

"ಮುಂಗೈ ಮೂಳೆ ಎರಡಾಗಿತ್ತು," ಎಂದು ಡೀಟ್ಮರ್ ಸೇರಿಸಿದ. "ನನಗೆ ಆಗ ನಾಲ್ಕು ವರ್ಷ. ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ, ನಾನು ಊರೆಲ್ಲ ಕೇಳೋ ಹಾಗೆ ಅತ್ತೆ!"

ಕುನಿಗುಂಡಮ್ಮ ಮಗನನ್ನು ನೋಡಿದ ನೋಟಕ್ಕೆ ಅವನು ತಟ್ಟನೆ ಸುಮ್ಮನಾದ. ಯುಟ್ಟಾ ಅದನ್ನು ಗಮನಿಸಿದಳು, ಅರ್ಥವಾಗಲಿಲ್ಲ.

*

ಅಕ್ಟೋಬರ್ ಕೊನೆಗೆ ಸೇಬಿನ ಅಟ್ಟದಲ್ಲಿ ಅದು ನಡೆದೇ ಹೋಯಿತು. ನಡೆಯಿತೇ? ನಡೆಯಲೇ ಇಲ್ಲವೇ? ಯುಟ್ಟಾ ಆಮೇಲೆ ಎಷ್ಟು ಯೋಚಿಸಿದರೂ ತೀರ್ಮಾನವಾಗಲಿಲ್ಲ.

ಹುಲ್ಲಿನ ಮೇಲೆ ಇಬ್ಬರೂ ಸೇಬು ಜೋಡಿಸುತ್ತಿದ್ದರು. ಅವಳ ಕೂದಲಲ್ಲಿ ಸಿಕ್ಕಿದ ಹುಲ್ಲೆಸಳನ್ನು ಅವನು ತೆಗೆದ. ತೆಗೆದ ಕೈ ಕೆನ್ನೆಯ ಬಳಿ ನಿಂತಿತು. ಅವನ ಉಸಿರು ಅವಳ ಹಣೆಗೆ ತಾಕಿತು...

"ಡೀಟ್ಮರ್..."

"ಎಕ್‌ಬೆರ್ಟ್ ಒಳ್ಳೆಯವರು," ಎಂದ ಅವನು, ಕೈ ಹಿಂತೆಗೆದುಕೊಂಡು. "ಅವರನ್ನ ಮದುವೆ ಆಗು, ತಂಗೀ. ಮಾರ್ಟಿನ್ ಹಬ್ಬಕ್ಕೆ ನಾನು ಪ್ರಷ್ಯಾದ ಧರ್ಮಯುದ್ಧದ ದಂಡಿಗೆ ಹೊರಡ್ತಿದ್ದೀನಿ."

"ಯಾಕೆ? ನಾನೇನು ಮಾಡಿದೆ?"

"ನೀನೇನೂ ಮಾಡಲಿಲ್ಲ."

"ಮತ್ತೆ ಯಾಕೆ ಓಡಿ ಹೋಗ್ತಿದ್ದೀಯ? ನಾನು ನಿನಗೆ ಅಷ್ಟು ಬೇಸರ ಆದೆನಾ?"

ಅವನು ಏಣಿ ಇಳಿದು ಹೋದ. ತಿರುಗಿಯೂ ನೋಡಲಿಲ್ಲ!

ಅವಳು ಅತ್ತಳು. ಅಣ್ಣ ಹೋಗುತ್ತಾನೆಂದು ಅಳುತ್ತಿರುವೆನೋ, ಹೋಗುತ್ತಿರುವವನು ಅಣ್ಣನೆಂದು ಅಳುತ್ತಿರುವೆನೋ, ಅವಳಿಗೇ ತಿಳಿಯಲಿಲ್ಲ. ಇಷ್ಟು ಮಾತ್ರ ತಿಳಿಯಿತು: ಅವನಿಗೆ ಅವಳು ಬೇಡ. ಹಾಗಿರುವಾಗ ಎಕ್‌ಬೆರ್ಟನ ನಾಯಿಗಳಾದರೇನು, ಮಠದ ಗಂಟೆಯಾದರೇನು...

*

ಹಬ್ಬದ ಮುನ್ನಾದಿನ ಲಿಯೋಬಾಳಿಗೆ ಗಂಡು ಮಗು ಹುಟ್ಟಿತು. ಹಬ್ಬದ ಬೆಳಿಗ್ಗೆಯೇ ಜ್ಞಾನಸ್ನಾನ. ಬಾಣಂತಿ ಹಾಸಿಗೆಯಿಂದಲೇ ಹೇಳಿಕಳಿಸಿದ್ದಳು: ಜ್ಞಾನತಾಯಿ ಯುಟ್ಟಾಳೇ ಆಗಬೇಕು.

ಕೋಟೆಯ ಗುಡಿಯಲ್ಲಿ ಪಾದ್ರಿ ವೆರ್ನರ್ ಅಂಗಿಯ ತೋಳು ಮೇಲೇರಿಸಿಕೊಂಡು ಮಗುವನ್ನು ತೊಟ್ಟಿಯಲ್ಲಿ ಮುಳುಗಿಸಿದರು. ಕುನಿಗುಂಡಮ್ಮನೂ ಪಕ್ಕದಲ್ಲಿ ನಿಂತಿದ್ದರು.

"ಇಬ್ಬರೂ ಹಿಡ್ಕೊಳ್ಳಿ," ಎಂದರು ಪಾದ್ರಿ.

"ಬೇಡ ಸ್ವಾಮಿ! ನನ್ನ ಕೈಗೆ ಕೊಡಬೇಡಿ," ಎಂದು ಕುನಿಗುಂಡಮ್ಮ ಗಾಬರಿಯಿಂದ ಹಿಂದೆ ಸರಿದರು.

"ಸರಿ, ನೀವು ಸಾಕ್ಷಿಯಾಗಿ ನಿಂತಿರಿ. ನಂಟು ಅಂಟೋದು ನೀರಿನಿಂದ ಎತ್ತಿದ ಕೈಗೆ ಮಾತ್ರ. ಹಿಡೀ ಯುಟ್ಟಾ, ಭದ್ರ!"

ಮಗು ಅವಳ ಕೈಗೆ ಬಂತು. ಅಬ್ಬಾ! ಒದ್ದೆ ಮೀನು ಜಾರಿದ ಹಾಗೆ ಜಾರಿತು. ಒದೆಯಿತು, ಕಿರುಚಿತು. ಎರಡು ಕೈ, ಹತ್ತು ಬೆರಳು, ಎದೆ, ಗಲ್ಲ ಎಲ್ಲವನ್ನೂ ಕೊಟ್ಟು ಅವಳು ಅದನ್ನು ಹಿಡಿಯಬೇಕಾಯಿತು.

ಒಂದೇ ಕೈಯಲ್ಲಿ ಇದು ಆಗುವ ಕೆಲಸವಲ್ಲ.

ಆ ಯೋಚನೆ ಬಂದದ್ದೇ ತಡ, ಯುಟ್ಟಾ ನಿಂತಲ್ಲೇ ನಿಂತುಬಿಟ್ಟಳು. ಮಂಜು... ಮುರಿದ ಮುಂಗೈ... ಡೀಟ್ಮರನಿಗೆ ನಾಲ್ಕು ವರ್ಷ. ಅವನಿಗೂ ಅವಳಿಗೂ ನಾಲ್ಕೇ ವರ್ಷದ ಅಂತರ! ಮಂಜುಗಡ್ಡೆ ಕಟ್ಟಿದ ತೊಟ್ಟಿ...

ಮಗುವನ್ನು ಸೂಲಗಿತ್ತಿಯ ಕೈಗಿಟ್ಟು, ಹೊರಗೆ ಹೊರಟಿದ್ದ ಕುನಿಗುಂಡಮ್ಮನ ಮೇಲಂಗಿಯ ಅಂಚನ್ನೇ ಹಿಡಿದಂತೆ ಹಿಂದೆ ಓಡಿದಳು.

"ದೊಡ್ಡಮ್ಮ! ನೀವು ಬಿದ್ದದ್ದು ಮೇಣದ ಬತ್ತಿ ಹಬ್ಬದ ದಿನ. ಅಲ್ವಾ?"

ಕುನಿಗುಂಡಮ್ಮ ಮೆಟ್ಟಿಲ ಮೇಲೆ ಕಲ್ಲಾದರು.

"ನನ್ನನ್ನ ಎತ್ತೋಕೆ ಮೊದಲೋ... ಆಮೇಲೋ? ಹೇಳಿ ದೊಡ್ಡಮ್ಮ, ಮೊದಲೋ ಆಮೇಲೋ!"

ಆ ನೆಟ್ಟ ಬೆನ್ನು ಮೊದಲ ಬಾರಿಗೆ ಬಾಗಿತು.

"ಇದೇ ಮೆಟ್ಟಿಲು ಕಣೇ. ಒಳಗೆ ಹೋಗುವಾಗಲೇ ಬಿದ್ದೆ. ಒಳಗೆ ಎರಡೂ ಮನೆ ಗಂಡಸರು ಕತ್ತಿ ಕಟ್ಟಿಕೊಂಡು ನಿಂತಿದ್ರು. ಲೈನ್‌ಬಾಖ್‌ನವಳು ಮಗೂನ ಎತ್ತಲಿಲ್ಲ ಅಂದ್ರೆ ಅವಮಾನ ಅಂತ ಅಲ್ಲೇ ಹೆಣ ಬೀಳ್ತಿದ್ವು. ಹಲ್ಲು ಕಚ್ಚಿಕೊಂಡು ನಿಂತೆ. ನನ್ನ ದೊಡ್ಡ ಮೇಲಂಗಿ ಮರೆಯಿಂದ ನಿನ್ನ ಸೋದರತ್ತೆ ರಿಖೆನ್ಸಾ ಎರಡೂ ಕೈ ಚಾಚಿ ನಿನ್ನನ್ನ ಎತ್ತಿದಳು. ನಾನು ನಿನ್ನನ್ನ ಮುಟ್ಟಲೂ ಇಲ್ಲ."

ರಿಖೆನ್ಸಾ! ಈಗ ಮಠದ ಮಾತೆ. ಗಂಡನಿಲ್ಲ, ಮಗನಿಲ್ಲ. ಅಂದಮೇಲೆ ತನಗೆ ಅಣ್ಣನೂ ಇಲ್ಲ!

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಆ ಸುಳ್ಳಿನ ಮೇಲೆ ಎರಡು ಮನೆ ನಿಂತಿದೆ, ಮಗಳೇ. ಹೇಳಿದ್ರೆ ನಿಮ್ಮಪ್ಪ ಏನು ಮಾಡ್ತಾನೋ... ನನಗೆ ಇರೋನು ಒಬ್ಬನೇ ಮಗ. ಅದಕ್ಕೂ ಮೇಲೆ, ನೀನು ಎಕ್‌ಬೆರ್ಟನಿಗೆ ಒಪ್ಪಿದ್ದೀಯ ಅಂತ ಡೀಟ್ಮರನೇ ಹೇಳಿದ."

"ನಾನಾ? ಒಪ್ಪಿದ್ದು? ಯಾವಾಗ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮುದಿಕಣ್ಣಲ್ಲಿ ಏನೋ ಕರಗಿತು.

"ಓಹೋ... ಮೂರು ದಿನದಿಂದ ಅವನು ಊಟ ಬಿಟ್ಟದ್ದು ಪ್ರಷ್ಯಾ ಮೇಲಿನ ಭಕ್ತಿಯಿಂದ ಅಲ್ಲ ಹಾಗಾದ್ರೆ," ಎಂದರು ಕುನಿಗುಂಡಮ್ಮ. "ನಡೀ, ನಿಮ್ಮಪ್ಪನ ಹತ್ರ. ಆಗೋದು ಆಗಲಿ."

ಗೆರ್ಲಾಖ್ ಎಲ್ಲವನ್ನೂ ಕೇಳಿದ. ಮುಖ ಕೆಂಪೇರಿತು. ಗೋಡೆಯ ಮೇಲಿದ್ದ ಕತ್ತಿಯ ಕಡೆ ಅವನ ದೃಷ್ಟಿ ಹೋದದ್ದನ್ನು ಕಂಡು ಯುಟ್ಟಾ ಉಸಿರು ಬಿಗಿಹಿಡಿದಳು.

"ಹತ್ತೊಂಬತ್ತು ವರ್ಷ!" ಎಂದು ಗುಡುಗಿದ. "ಹತ್ತೊಂಬತ್ತು ವರ್ಷ ನಾನು ಸುಳ್ಳಿನ ಮೇಲೆ ನಿದ್ದೆ ಮಾಡಿದೆನಾ?"

"ಸುಳ್ಳೋ ನಿಜವೋ, ನಿದ್ದೆ ಬಂತಲ್ಲ!" ಎಂದರು ಕುನಿಗುಂಡಮ್ಮ.

ಗೆರ್ಲಾಖ್ ಬಾಯಿ ತೆರೆದ, ಮುಚ್ಚಿದ. ಆಮೇಲೆ ಅವನ ಭುಜಗಳು ಕುಲುಕತೊಡಗಿದವು. ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟವಾಗಿತ್ತು.

"ಬಂತು. ಸುಖವಾಗಿ ಬಂತು," ಎಂದು ಕಣ್ಣೊರೆಸಿಕೊಂಡ. "ರಿಖೆನ್ಸಾಳಿಗೆ ಹೇಳಿಕಳಿಸಿ. ಬಿಷಪ್ಪರ ಮುಂದೆ ಇಬ್ಬರೂ ಆಣೆ ಮಾಡಿ. ಎಕ್‌ಬೆರ್ಟನಿಗೆ ನಾನೇ ಹೇಳ್ತೀನಿ, ಬೇಕಾದ್ರೆ ಒಂದು ಬೇಟೆನಾಯಿ ಕೊಟ್ಟು ಸಮಾಧಾನ ಮಾಡ್ತೀನಿ. ಆದರೆ ಆ ಹುಡುಗ ಎಲ್ಲಿ?"

ಹೌದು, ಆ ಹುಡುಗ ಎಲ್ಲಿ?

"ಬೆಳಿಗ್ಗೆಯೇ ಹೊರಟ," ಎಂದರು ಕುನಿಗುಂಡಮ್ಮ. "ಇಷ್ಟು ಹೊತ್ತಿಗೆ ಹೊಳೆ ಹತ್ರ..."

ಮಾತು ಮುಗಿಯುವುದರೊಳಗೆ ಯುಟ್ಟಾ ಮೆಟ್ಟಿಲಿಳಿದಿದ್ದಳು. "ದೊಡ್ಡಮ್ಮ, ನಿಮ್ಮ ಕುದುರೆ ತಗೊಂಡೆ!" ಎಂದು ಅಂಗಳದಿಂದ ಕೂಗು ಬಂತು.

"ಇನ್ನು ದೊಡ್ಡಮ್ಮ ಅಂದ್ರೆ ಕುದುರೆ ಕೊಡಲ್ಲ!" ಎಂದು ಕುನಿಗುಂಡಮ್ಮ ಕಿಟಕಿಯಿಂದ ಉತ್ತರಿಸಿದರು. "ಅತ್ತೆ ಅನ್ನೇ!"

*

ಡೀಟ್ಮರ್ ಆಚೆ ದಡ ಮುಟ್ಟಿದ್ದ.

"ಡೀಟ್ಮರ್!"

ಅವನು ತಿರುಗಿದ. ಅವಳು ಕುದುರೆಯನ್ನು ನೀರಿಗಿಳಿಸಿದ್ದನ್ನು ಕಂಡು ಅವನ ಎದೆ ಝಲ್ಲೆಂದಿತು. "ಬರಬೇಡ! ಅಲ್ಲೇ ನಿಲ್ಲು ತಂಗೀ!"

"ಹಾಗೆ ಕರೀಬೇಡ!"

ನಡುಹೊಳೆಯಲ್ಲಿ, ಅದೇ ಪಾಚಿಗಲ್ಲಿನ ಬಳಿ, ಅವನು ನೀರಿಗೆ ಧುಮುಕಿ ಲಗಾಮು ಹಿಡಿದ. ಏದುಸಿರಿನಲ್ಲಿ, ಹಿಂದುಮುಂದಾಗಿ, ಅವಳು ಎಲ್ಲವನ್ನೂ ಹೇಳಿದಳು: ಮೆಟ್ಟಿಲು, ಮುಂಗೈ, ಮೇಲಂಗಿಯ ಮರೆ, ಒದ್ದೆ ಮಗು, ಬಿಷಪ್ಪರು, ಬೇಟೆನಾಯಿ...

ಅವನಿಗೆ ಅರ್ಧವೂ ಅರ್ಥವಾಗಲಿಲ್ಲ. ಬೇಕಾದ ಅರ್ಧ ಅರ್ಥವಾಯಿತು.

"ಅಂದರೆ... ನೀನು ನನಗೆ..."

"ಏನೂ ಅಲ್ಲ! ದೇವರ ದಯೆಯಿಂದ, ನಾನು ನಿನಗೆ ಏನೂ ಅಲ್ಲ!"

ಅವನು ಕಣ್ಣು ಮುಚ್ಚಿದ. "ಗೊತ್ತಾ, ಮಾತುಮಾತಿಗೂ ತಂಗಿ ತಂಗಿ ಅಂತಿದ್ದೆನಲ್ಲ, ಅದು ನಿನ್ನನ್ನ ಕರೆದದ್ದಲ್ಲ. ನನ್ನನ್ನ ನಾನೇ ಗದರಿಸಿಕೊಂಡದ್ದು."

"ನಾನು ಬೇಡವಾದೆ ಅಂದುಕೊಂಡೆ..."

"ಬೇಡವಾಗಿದ್ರೆ ಪ್ರಷ್ಯಾವರೆಗೂ ಯಾಕೆ ಓಡ್ಬೇಕಿತ್ತು? ಪಕ್ಕದ ಊರು ಸಾಕಾಗ್ತಿತ್ತು."

ಅವಳು ನಕ್ಕಳು; ಕಣ್ಣೀರು ಗಲ್ಲಕ್ಕಿಳಿಯಿತು. ನವೆಂಬರಿನ ನೀರು ಅವನ ಎದೆಗೆ ಬಡಿಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಮೊದಲ ಸಲ ಕೇಳಿದ ಹಾಗೇ ಇನ್ನೊಂದು ಸಲ ಕೇಳಿ," ಎಂದಳು ಅವಳು.

ಅವನು ಅವಳ ಮುಂಗೈ ಹಿಡಿದ. ಮೆಲ್ಲನೆ ಕೇಳಿದ: "ಯಾರ ಮನೆಯವರು ನೀವು?"

"ಯುಟ್ಟಾ. ಫಾಲ್ಕನೆಕ್ ಕೋಟೆಯ ಗೆರ್ಲಾಖ್ ಅವರ ಮಗಳು."

ಕೈ ಬಿಡುವನೇನೋ ಎಂದು ಅರೆಗಳಿಗೆ ಅವಳ ಜೀವ ಹಳೆಯ ಅಭ್ಯಾಸದಿಂದ ಹೆದರಿತು.

ಹಿಡಿತ ಇನ್ನಷ್ಟು ಬಿಗಿಯಾಯಿತು.

"ಕೈ ಬಿಡಿ," ಎಂದಳು ಯುಟ್ಟಾ, ಬಿಡಬಾರದೆಂಬ ದನಿಯಲ್ಲಿ.

"ಬಿಟ್ಟರೆ," ಎಂದ ಡೀಟ್ಮರ್, "ಈ ಸಲ ಹೊಳೆಪಾಲಾಗೋನು ನಾನು."